ಪದಚರ್ಚೆ: ಕಾದಂಬರಿಯೊಳಗೆ ‘ಸೆನ್ಸಾರ್‌ಶಿಪ್’, ‘ಕನ್‌ಫಾರ್ಮಿಟಿ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಡಿಸ್ಟೋಪಿಯ (ಉಸಿರುಗಟ್ಟಿಸುವ ಕೆಟ್ಟ ಸಮಾಜವನ್ನು ಕಲ್ಪಿಸುವ) ಕಾದಂಬರಿಯೊಂದರ ಅನುವಾದದಲ್ಲಿ ಈ ಎರಡು ಪದಗಳು ಪುಟಪುಟಕ್ಕೂ ಎದುರಾಗುತ್ತಿವೆ. ಸದ್ಯಕ್ಕೆ ‘ಸೆನ್ಸಾರ್’, ‘ಏಕರೂಪತೆ’ ಎಂದು ಹಾಕಿದೆ. ಓದಿದರೆ ವಿಧಾನಸೌಧದ ಸುತ್ತೋಲೆಯಂತಿದೆ. ಅನುರೂಪತೆ, ಅನುಸರಣೆ, ವಿಧೇಯತೆ, ಇವುಗಳಲ್ಲಿ ಯಾವುದಾದರೂ ಹೊಂದೀತೆ?

ಉತ್ತರ: ಮೊದಲು ಸೆನ್ಸಾರ್. ಗಾಂಧಿನಗರದಲ್ಲಿ ‘ಪಿಕ್ಚರ್ ಸೆನ್ಸಾರ್ ಆಯ್ತು’ ಅಂದರೆ ಸಿಹಿ ಸುದ್ದಿ: ಸರ್ಟಿಫಿಕೇಟ್ ಕೈಗೆ ಬಂತು, ಇನ್ನು ಬಿಡುಗಡೆಯ ದಿನ ನೋಡಬಹುದು. 1983ರಲ್ಲೇ ಸಿನಿಮಾಗೆ ಸರ್ಟಿಫಿಕೇಟ್ ಕೊಡುವ ಕೇಂದ್ರ ಮಂಡಳಿಯ ಹೆಸರಿನಿಂದ ‘ಸೆನ್ಸಾರ್’ ಹೋಗಿ ‘ಸರ್ಟಿಫಿಕೇಷನ್’ ಬಂತು. ಬಾಯಿಮಾತು ಮಾತ್ರ ಕದಲಲಿಲ್ಲ. ಹಾಗಾಗಿ ‘ಅವನ ಪುಸ್ತಕ ಸೆನ್ಸಾರ್ ಆಯಿತು’ ಎಂದು ಬರೆದರೆ ಪುಸ್ತಕ ಪಾಸಾಯಿತು ಅಂತಲೂ ಓದಿಕೊಳ್ಳಬಹುದು. ನಡೆದದ್ದೇನು ಎಂದು ನೋಡಿ ಪದ ಹಾಕಿ. ಇಡೀ ಕೃತಿ ಹೋದರೆ ನಿಷೇಧ, ಪ್ರತಿಗಳನ್ನು ಹೊತ್ತೊಯ್ದರೆ ಮುಟ್ಟುಗೋಲು, ಸಾಲುಗಳು ಹೋದರೆ ಕತ್ತರಿ. ಆರ್ವೆಲ್‌ನ 1949ರ ಕಾದಂಬರಿ ‘ನೈನ್ಟೀನ್ ಎಯ್ಟಿ ಫೋರ್’ಗೆ ಈ ಮೂರೂ ಸಾಲವು. ಅಲ್ಲಿ ಹಳೆಯ ಪತ್ರಿಕೆಯನ್ನೇ ಬದಲಿಸಿ ಮತ್ತೆ ಅಚ್ಚು ಹಾಕಿ, ಮೂಲ ಪ್ರತಿಯನ್ನು ಇಲ್ಲವಾಗಿಸುತ್ತಾರೆ. ಕಚೇರಿಯ ಭಾಷೆಯಲ್ಲಿ ಅದು ‘ಸರಿಪಡಿಸುವುದು’. ಅದಕ್ಕೆ ‘ತಿದ್ದುಪಡಿ’ಯೇ ಬೇಕು. ಪದ ಎಷ್ಟು ಸಭ್ಯವೋ ಅಷ್ಟು ದಿಗಿಲು.

ಕನ್‌ಫಾರ್ಮಿಟಿಯದು ಬೇರೆ ತೊಡಕು. ಎಲ್ಲರಂತೆ ತಾನೂ ಇದ್ದುಬಿಡುವುದು ಎಂಬುದು ಅದರ ಅರ್ಥ. ನಾಮಪದ ಸಿಕ್ಕಿತೆಂದು ನಿಲ್ಲಬೇಡಿ. ಅದು ಕ್ರಿಯಾಪದವಾದೀತೇ, ಹಾಗೆ ಮಾಡುವವನಿಗೆ ಒಂದು ಹೆಸರು ಹುಟ್ಟೀತೇ ಎಂದು ನೋಡಿ. ‘ಏಕರೂಪತೆ’ ಇಲ್ಲೇ ಮುಗ್ಗರಿಸುತ್ತದೆ: ಅದು ಮೇಲೆ ನಿಂತವನಿಗೆ ಕಾಣುವ ಫಲ, ಕೆಳಗಿರುವವನು ಮಾಡುವ ಕೆಲಸವಲ್ಲ. ‘ಅನುಸರಣೆ’ ಗುರುವಿಗೂ ಸಲ್ಲುತ್ತದೆ, ಜಿಎಸ್‌ಟಿ ನಿಯಮಕ್ಕೂ ಸಲ್ಲುತ್ತದೆ. ‘ವಿಧೇಯತೆ’ಗೆ ಆಜ್ಞೆ ಕೊಡುವವನೊಬ್ಬ ಬೇಕು. ಬ್ರಾಡ್‌ಬರಿಯ 1953ರ ಕಾದಂಬರಿ ‘ಫ್ಯಾರನ್ಹೀಟ್ 451’ರಲ್ಲಿ ಪುಸ್ತಕ ಸುಡುವ ದಳದ ಕ್ಯಾಪ್ಟನ್ ಹೇಳುವುದೇ ಬೇರೆ: ಇದು ಸರ್ಕಾರದಿಂದ ಶುರುವಾದದ್ದಲ್ಲ, ಜನರೇ ತಂದುಕೊಂಡದ್ದು. ಅಂಥ ಕಡೆ ‘ವಿಧೇಯತೆ’ ಅಂದರೆ ಆ ಮಾತಿನ ಬುಡವೇ ಹೋಯಿತು.

ಒಂದೇ ಪದ ಹುಡುಕುವುದೇ ತಪ್ಪು ಎಂಬುದು ನನ್ನ ಎಣಿಕೆ. ಪದ ಬಂದಲ್ಲೆಲ್ಲ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ: ಆಡುತ್ತಿರುವುದು ಆಡಳಿತವೋ, ನಿರೂಪಕನೋ, ಪಾತ್ರವೋ? ಆಡಳಿತದ ಬಾಯಲ್ಲಿ ‘ಸಾಮರಸ್ಯ’, ನಿರೂಪಕನಿಗೆ ‘ಮಂದೆತನ’, ತಿರುಗಿಬಿದ್ದವನ ಬಾಯಲ್ಲಿ ‘ಕೋಲೆಬಸವ’. ತಾನೇ ಒಗ್ಗಿಹೋದವನು ಹೆಂಡತಿಗೆ ಹೇಳುವಾಗ ‘ಹತ್ತರ ಜೊತೆ ಹನ್ನೊಂದು’. ಕಥೆ ಬೆಂಗಳೂರಿಗೇ ಒಗ್ಗಿಸಿದ ರೂಪಾಂತರವಾದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ಗಿಂತ ಮೈ ಜುಮ್ಮೆನಿಸುವ ಮಾತು ಬೇರೆ ಇಲ್ಲ. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆ ‘ಮಂದೆತನ’ ತುಂಬಿಸಿದರೆ ಸರ್ಕಾರದ ಘೋಷಣಾಫಲಕವೇ ತನ್ನನ್ನು ತಾನು ಬೈದುಕೊಳ್ಳುತ್ತದೆ. ಕರಡಿನಲ್ಲಿ ಇದು ಬೇಗ ಕಣ್ಣಿಗೆ ಬೀಳುವುದೂ ಇಲ್ಲ.

ಮತ್ತೊಂದು ಉತ್ತರ: ಮೇಲಿನದಕ್ಕೆ ಒಪ್ಪಿಗೆಯಿದೆ, ‘ಏಕರೂಪತೆ’ಯನ್ನು ಪೂರ್ತಿ ಕೈಬಿಡಬೇಡಿ. ಹಕ್ಸ್‌ಲಿಯ 1932ರ ಕಾದಂಬರಿ ‘ಬ್ರೇವ್ ನ್ಯೂ ವರ್ಲ್ಡ್’ನ ವಿಶ್ವರಾಜ್ಯದ ಧ್ಯೇಯವಾಕ್ಯದಲ್ಲಿ ನಡುವಿನ ಪದ ‘ಐಡೆಂಟಿಟಿ’. ಕೈ ತಾನಾಗಿ ‘ಅಸ್ಮಿತೆ’ ಎಂದು ಬರೆದುಬಿಡುತ್ತದೆ. ಅಲ್ಲಿ ಒಂದೇ ಅಂಡದಿಂದ ಗರಿಷ್ಠ 96 ಅಚ್ಚುಹಾಕಿದಂಥ ಅವಳಿಗಳನ್ನು ತೆಗೆಯುತ್ತಾರೆ. ಆ ಪದ ನೆಚ್ಚಿಕೊಂಡದ್ದು ಒಬ್ಬೊಬ್ಬರ ಗುರುತನ್ನಲ್ಲ, ಎಲ್ಲರೂ ಒಂದೇ ಆಗಿರುವುದನ್ನು. ‘ಅಸ್ಮಿತೆ’ ಅಂದರೆ ನೇರ ಉಲ್ಟಾ. ಅಲ್ಲಿ ‘ಏಕರೂಪತೆ’ಯೇ ಕೂರಬೇಕು.

‘ವಿಧೇಯ’ಕ್ಕೂ ಒಂದು ಜಾಗವಿದೆ. ಕಾದಂಬರಿಯೊಳಗೆ ಯಾರಾದರೂ ಇಲಾಖೆಗೆ ಅರ್ಜಿ ಬರೆದರೆ, ಕೊನೆಗೆ ‘ಇಂತಿ ತಮ್ಮ ವಿಧೇಯ’ ಅಂತ ಇರಲಿ. ಅದನ್ನು ನಾವು ಹೊಸದಾಗಿ ಟಂಕಿಸಬೇಕಾಗಿಲ್ಲ.