ಮಗ್ಗದ ಕುಣಿಯಲ್ಲಿ ಕಾವಿಗೆ ಕೂತ ಕೋಳಿ: ಎಬ್ಬಿಸಬೇಕೋ, ಮರಿ ಮಾಡಿಸಬೇಕೋ?

ಇಳಕಲ್ಲಿನ ಸೊಸೆ:

ಎಲ್ಲರಿಗೂ ನಮಸ್ಕಾರ ರೀ. ಕೋಳಿ ಸಾಕಿ ಪಳಗಿದವರು ಒಂದು ದಾರಿ ಹೇಳಿ.

ನಮ್ಮದು ಇಳಕಲ್. ಪಡಸಾಲೆಯಲ್ಲೇ ಕುಣಿ ಮಗ್ಗ ಇದೆ. ಮಾವ ಸೀರೆ ನೇಯುತ್ತಾರೆ, ಅತ್ತೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾರೆ. ಹಿತ್ತಲು ಮತ್ತು ಕೋಳಿ ನನ್ನ ಪಾಲಿಗೆ. ಮೂರು ಜವಾರಿ, ಎರಡು ಗಿರಿರಾಜ, ಒಂದು ಹುಂಜ. ಈ ಮೂರು ಜವಾರಿಯಲ್ಲಿ ಮೈತುಂಬ ಬಿಳಿ ಚುಕ್ಕಿ ಇರುವ ಒಂದಿದೆ, ಚುಕ್ಕಿ ಅಂತಲೇ ಕರೆಯುತ್ತೇವೆ. ಅದು ಹೋಗಿ ಮಗ್ಗದ ಕುಣಿಯಲ್ಲಿ ಕಾವಿಗೆ ಕೂತಿದೆ.

ಕುಣಿ ಮಗ್ಗ ನೋಡದವರಿಗೆ ಹೇಳುತ್ತೇನೆ. ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲು ಕೆಳಗೆ ಇಳಿಬಿಟ್ಟು ತುಳಿಯುವ ತಗ್ಗು ಅದು. ಮಣ್ಣಿನ ನೆಲ, ಅರೆಗತ್ತಲು, ಒಳ್ಳೇ ತಂಪು. ಹೊರಗೆ ಬಿಸಿಲು 40 ದಾಟಿದಾಗ ಕೋಳಿಗೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತೆ? ಮಾವನವರಿಗೆ ಜ್ವರ ಬಂದು ಮಗ್ಗ ನಿಂತಿತ್ತು. ಅಷ್ಟರಲ್ಲಿ ಇದು ಮೂಲೆಯಲ್ಲಿ ಗುಟ್ಟಾಗಿ ತತ್ತಿ ಇಡುತ್ತಾ ಬಂದಿದೆ. ನಾವು ಬೇಲಿ ಸಂದಿ, ಹುಲ್ಲಿನ ಬಣವಿ ಎಲ್ಲಾ ಹುಡುಕಿದೆವು. ಮುಂಗುಸಿ ತಿಂದಿರಬೇಕು ಅಂತ ಅತ್ತೆ ಅಂದಿದ್ದರು.

ಜ್ವರ ಬಿಟ್ಟ ಮೇಲೆ ಮಾವ ಕುಣಿಗೆ ಕಾಲು ಇಳಿಬಿಟ್ಟರೆ ಹೆಬ್ಬೆರಳಿಗೆ ರಕ್ತ ಬರುವ ಹಾಗೆ ಕುಕ್ಕಿತು. ಅವರು ಗಾಬರಿಯಾಗಿ ಅದನ್ನು ಎತ್ತಿ ಬಿಟ್ಟರು. ಅದು ರೆಕ್ಕೆ ಬಡಿದು ಹಾಸಿನ (ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ನೂಲಿನ) ಮೇಲೆ ಹೋಗಿ ಬಿತ್ತು. ಅದೂ ಎಲ್ಲಿ? ತೋಪತೆನಿ ಹಾಕಿದ ಜಾಗದಲ್ಲೇ! ಇಳಕಲ್ ಸೀರೆಯಲ್ಲಿ ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳಿಗೆ ಒಂದೊಂದೇ ಕೊಂಡಿ ಹಾಕಿ ಜೋಡಿಸುತ್ತಾರೆ. ತಾಸುಗಟ್ಟಲೆ ಕೂತು ಮಾಡುವ ಕೆಲಸ. ಕೋಳಿಯ ಉಗುರು ಸಿಕ್ಕಿ ಕೆಂಪು ಸೆರಗಿನ ಹದಿನೈದಿಪ್ಪತ್ತು ಎಳೆ ಹರಿದವು. ಅತ್ತೆ ಬೆರಳ ತುದಿಗೆ ಬೂದಿ ಹಚ್ಚಿಕೊಂಡು, ಹರಿದ ಎಳೆಯ ಎರಡೂ ತುದಿ ಹುಡುಕಿ, ಹೊಸೆದು ಹೊಸೆದು ಜೋಡಿಸಿದರು. ಯಾರೂ ಮಾತಾಡಲಿಲ್ಲ. ಆ ಹೊತ್ತಿಗೆ ಚುಕ್ಕಿ ಮತ್ತೆ ಕುಣಿಯಲ್ಲೇ ಇತ್ತು.

ಓಣಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೂಗಿಗೆ ಗರಿ ಚುಚ್ಚು ಅಂತಾರೆ. ತಣ್ಣೀರಲ್ಲಿ ಮುಳುಗಿಸು, ಕಾಲು ಕಟ್ಟಿ ಬಿಸಿಲಲ್ಲಿ ಬಿಡು ಅಂತಾರೆ. ನನಗೆ ಇದ್ಯಾವುದಕ್ಕೂ ಮನಸ್ಸಿಲ್ಲ. ಬಾಯಿಲ್ಲದ ಜೀವ, ಅದರ ಕೆಲಸ ಅದು ಮಾಡುತ್ತಿದೆ. ಆದರೆ ಮಗ್ಗ ನಿಂತರೆ ಮನೆ ನಡೆಯಲ್ಲ, ಅದೂ ನಿಜ.

ಬೇರೆ ಕಡೆ ಎತ್ತಿಟ್ಟರೆ ಕಾವು ಬಿಡುತ್ತದಾ? ಈ ಬಿಸಿಲಲ್ಲಿ ಮರಿ ಆಗುತ್ತವಾ? ಇನ್ನೊಂದು ಮಾತು. ಬೆಳಿಗ್ಗೆ ಓಣಿಯಲ್ಲಿ ಹಾಸು ಎಳೆದು ಕಟ್ಟಿ ಗಂಜಿ ಹಚ್ಚಿದರೆ ಉಳಿದ ಕೋಳಿಗಳು ಬಂದು ಎಳೆ ಕುಕ್ಕುತ್ತವೆ. ಅದಕ್ಕೂ ಏನಾದರೂ ಹೇಳಿ.

ಜಮಖಂಡಿ ಅವ್ವ:

ತಂಗೀ, ಮೂಗಿಗೆ ಗರಿ ಮಾತ್ರ ಚುಚ್ಚಬೇಡ. ಮೂಗು ಬಾತು, ಕೀವು ಕಟ್ಟಿ, ಉಸಿರಾಡಲು ಆಗದೆ ಸೊರಗಿದ ಕೋಳಿ ನಾನು ನೋಡಿದ್ದೇನೆ. ಕಾಲು ಕಟ್ಟಿ ಬಿಸಿಲಲ್ಲಿ ಬಿಟ್ಟರೆ ಅದು ಸಂಜೆತನಕ ಬದುಕಲ್ಲ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು.

ಮರಿ ಮಾಡಿಸು. ಜಾಗ ಬದಲಿಸುವುದು ದೊಡ್ಡದಲ್ಲ, ಆದರೆ ಹಗಲಲ್ಲಿ ಮುಟ್ಟಬೇಡ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣಲ್ಲ, ಎತ್ತಿದರೂ ಗದ್ದಲ ಮಾಡಲ್ಲ. ಅಗಲ ಬಾಯಿಯ ಬಿದಿರು ಬುಟ್ಟಿ ತಗೋ. ತಳಕ್ಕೆ ನಾಲ್ಕು ಬೆರಳು ಮಣ್ಣು ಹಾಕು. ಮೇಲೆ ಒಲೆಯ ಬೂದಿ, ಒಣಗಿದ ಬೇವಿನೆಲೆ, ಆಮೇಲೆ ಮೆತ್ತನೆ ಹುಲ್ಲು. ಬೂದಿ ಇದ್ದರೆ ಹೇನಿನ ಕಾಟ ಕಡಿಮೆ. ಹೇನು ಹತ್ತಿದರೆ ಎಂಥ ಕೋಳಿಯೂ ಅರ್ಧಕ್ಕೇ ಎದ್ದು ಹೋಗುತ್ತದೆ. ಮೊದಲು ತತ್ತಿ ಇಡು, ಆಮೇಲೆ ಕೋಳಿ ಕೂರಿಸು, ಮೇಲೆ ಇನ್ನೊಂದು ಬುಟ್ಟಿ ಬೋರಲು ಹಾಕು.

ಜವಾರಿ ಕೋಳಿಯ ಮೈ ಸಣ್ಣದು. ಹತ್ತು ಹನ್ನೆರಡು ತತ್ತಿಗಿಂತ ಜಾಸ್ತಿ ಬೇಡ, ಅಂಚಿನವು ತಣ್ಣಗಾಗಿ ಕೆಡುತ್ತವೆ. ಎಲ್ಲದರ ಮೇಲೂ ಇದ್ದಲಿಯಿಂದ ಗೆರೆ ಎಳೆ. ಬೇರೆ ಕೋಳಿ ಬಂದು ಅಲ್ಲೇ ಇಟ್ಟರೆ ಗೆರೆ ಇಲ್ಲದ್ದನ್ನು ಎತ್ತಿಕೊಳ್ಳಬಹುದು. ನಮ್ಮ ಅವ್ವ ಬುಟ್ಟಿಯಲ್ಲಿ ಒಂದು ಇದ್ದಲಿ ಚೂರು, ಒಂದು ಕಬ್ಬಿಣದ ಮೊಳೆ ಇಡುತ್ತಿದ್ದಳು, ಗುಡುಗಿಗೆ ತತ್ತಿ ಕೆಡಬಾರದು ಅಂತ. ನಾನೂ ಇಡುತ್ತೇನೆ. 21 ದಿನಕ್ಕೆ ಮರಿ.

ವಿಜಯಪುರದ ಕೋಳಿಗೂಡು:

ಅವ್ವನ ಅನುಭವ ದೊಡ್ಡದು. ಆದರೂ ಬೇಸಿಗೆಯಲ್ಲಿ ಮರಿ ಮಾಡಿಸುವುದಕ್ಕೆ ನಾನು ಒಪ್ಪುವುದಿಲ್ಲ, ತಪ್ಪು ತಿಳಿಯಬೇಡಿ.

ಕಾವಿಗೆ ಬೇಕಾದ ಶಾಖ ಸುಮಾರು 37.5 ಡಿಗ್ರಿ. ನಮ್ಮ ಕಡೆ ಮಧ್ಯಾಹ್ನ ಕೋಣೆಯೇ ಅಷ್ಟಿರುತ್ತದೆ. ಕೋಳಿ ಕೂರುವ ಮೊದಲೇ ತತ್ತಿಯೊಳಗೆ ಅರೆಬರೆ ಬೆಳವಣಿಗೆ ಶುರುವಾಗಿ, ರಾತ್ರಿ ನಿಂತು, ಮರುದಿನ ಮತ್ತೆ ಶುರುವಾಗಿ, ಕಡೆಗೆ ಸತ್ತೇ ಹೋಗುತ್ತದೆ. ಇಂಥ ತತ್ತಿಯ ಮೇಲೆ ಕೋಳಿ ಮೂರು ವಾರ ಉಪವಾಸ ಕೂತು ಸೊರಗುವುದು ಯಾಕೆ?

ಕಾವು ಬಿಡಿಸಲು ಹಿಂಸೆ ಬೇಕಿಲ್ಲ. ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಏರಿದಾಗ ಕೋಳಿ ಕಾವಿಗೆ ಕೂರುತ್ತದೆ. ಕತ್ತಲು, ಮರೆ, ಹೊಟ್ಟೆಯ ಕೆಳಗಿನ ಬಿಸಿ, ಇವೆಲ್ಲ ಸೇರಿ ಅದನ್ನು ಹಾಗೇ ಉಳಿಸುತ್ತವೆ. ತಳಕ್ಕೆ ತಂತಿ ಜಾಲರಿ ಇರುವ ಪಂಜರವನ್ನು ನೆಲದಿಂದ ಎತ್ತರಕ್ಕೆ, ಬೆಳಕಿರುವ ನೆರಳಲ್ಲಿ ಇಡಿ. ಹುಲ್ಲು ಹಾಕಬೇಡಿ. ಕಾಳು, ನೀರು ಕೊಡಿ. ಕೆಳಗಿನಿಂದ ಗಾಳಿ ಆಡಿ ಹೊಟ್ಟೆ ತಂಪಾದರೆ ಮೂರು ನಾಲ್ಕು ದಿನದಲ್ಲಿ ಕಾವು ಬಿಡುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ತತ್ತಿ ಶುರು. ನಿಮ್ಮ ಗಿರಿರಾಜಗಳು ಈ ತಂಟೆಗೇ ಬರುವುದಿಲ್ಲ, ಆ ತಳಿಯಲ್ಲಿ ಕಾವಿನ ಗುಣ ಇಲ್ಲ ಅನ್ನುವಷ್ಟು ಕಡಿಮೆ.

ಇಳಕಲ್ಲಿನ ಸೊಸೆ:

ಅಣ್ಣಾ, ನೀವು ಹೇಳಿದ್ದು ಅರ್ಥವಾಯಿತು. ಆದರೆ ಈ ತತ್ತಿ ಕೋಣೆಯಲ್ಲಿ ಇದ್ದವಲ್ಲ, ಕುಣಿಯಲ್ಲಿ ಇದ್ದವು. ಅಲ್ಲಿ ಮಧ್ಯಾಹ್ನವೂ ಮಣ್ಣು ತಣ್ಣಗಿರುತ್ತದೆ. ಅದಕ್ಕೇ ನೋಡಿಯೇ ತೀರ್ಮಾನ ಮಾಡೋಣ ಅನಿಸಿತು.

ರಾತ್ರಿ ದೀಪ ಆರಿಸಿ ಒಂದೊಂದೇ ತತ್ತಿಯನ್ನು ಮೊಬೈಲ್ ಬೆಳಕಿಗೆ ಹಿಡಿದೆವು. ರಟ್ಟಿನಲ್ಲಿ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ತೂತಿನ ಮೇಲೆ ತತ್ತಿಯ ದಪ್ಪ ತುದಿ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟೆ. ಎರಡರಲ್ಲಿ ಏನೂ ಇಲ್ಲ, ಹಳದಿ ಬೆಳಕು ಆ ಕಡೆಯಿಂದ ಈ ಕಡೆಗೆ ಹಾಗೇ ಬಂತು. ಒಂದರಲ್ಲಿ ರಕ್ತದ ಉಂಗುರ ಮಾತ್ರ, ಅದು ಸತ್ತಿದೆ. ಉಳಿದ ಆರರಲ್ಲಿ ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕೂದಲಿಗಿಂತ ಸಣ್ಣ ಕೆಂಪು ನರಗಳು. ಒಂದರಲ್ಲಿ ಆ ಚುಕ್ಕೆ ಅಲುಗಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಇಷ್ಟು ನೋಡಿದ ಮೇಲೆ ಕಾವು ಬಿಡಿಸುವ ಮಾತೇ ಇಲ್ಲ. ಕೆಟ್ಟ ಮೂರನ್ನು ತೆಗೆದು ಮಣ್ಣಲ್ಲಿ ಹೂತೆವು.

ಬುಟ್ಟಿಯನ್ನು ಅವ್ವ ಹೇಳಿದ ಹಾಗೇ ಮಾಡಿದೆ. ಬಚ್ಚಲ ಮನೆಯ ಹಿಂದಿನ ಮರೆಯಲ್ಲಿ ಇಟ್ಟಿದ್ದೇನೆ, ಅಲ್ಲಿ ಯಾವಾಗಲೂ ತಂಪು. ಕೆಳಗೆ ಕೆಂಪು ಗ್ರಾನೈಟಿನ ಒಡಕು ಚಪ್ಪಡಿ ಹಾಸಿದ್ದೇನೆ. ನಮ್ಮೂರಲ್ಲಿ ಕ್ವಾರಿಯ ಚೂರಿಗೆ ಬರ ಇಲ್ಲ. ಹೆಗ್ಗಣ ಕೆಳಗಿನಿಂದ ಕೊರೆದು ಬರಬಾರದು ಅಂತ. ಮಾರನೇ ಬೆಳಿಗ್ಗೆ ಕಾಳು ತಿನ್ನಲಿ ಅಂತ ಬುಟ್ಟಿ ಎತ್ತಿದೆ. ಚುಕ್ಕಿ ಕಾಳಿನ ಕಡೆ ನೋಡದೆ ಸೀದಾ ಪಡಸಾಲೆಗೆ ಓಡಿತು! ಹೀಗಾಗಬಹುದು ಅಂತ ಮಾವ ಬೆಳಕು ಹರಿಯುವ ಮೊದಲೇ ಎದ್ದು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು, ಕಾಲಿಗೆ ಗೋಣಿಚೀಲ ಸುತ್ತಿಕೊಂಡು. ಅದು ಕುಣಿಯ ಅಂಚಲ್ಲಿ ನಿಂತು, ಇಣುಕಿ, ಗೊರ್ ಅಂತ ಗದರಿಸಿ, ಎರಡು ಸುತ್ತು ಹಾಕಿತು. ಮಾವ ಅಲುಗಾಡಲಿಲ್ಲ, ಲಾಳಿಯನ್ನೂ ಎಸೆಯಲಿಲ್ಲ. ಕಡೆಗೆ ನಾನು ಟವೆಲ್ ಮುಚ್ಚಿ ಎತ್ತಿ ತಂದು ತತ್ತಿ ತೋರಿಸಿದೆ. ಕೊಕ್ಕಿನಿಂದ ಒಂದನ್ನು ಹೊರಳಿಸಿ ಹೊಟ್ಟೆಯ ಕೆಳಗೆ ಎಳೆದುಕೊಂಡು ಕೂತೇ ಬಿಟ್ಟಿತು. ಆಮೇಲೆ ಪಡಸಾಲೆಯ ಕಡೆ ಬಂದಿಲ್ಲ. ಈಗ ಮಗ್ಗ ನಡೆಯುತ್ತಿದೆ.

ಇನ್ನು ಗಂಜಿಯದ್ದು ಉಳಿದಿದೆ. ಹೇಳ್ರಿ ಯಾರಾದರೂ.

ಗುಳೇದಗುಡ್ಡದ ನೇಕಾರ:

ನಮ್ಮದು ಕಣದ (ಕುಪ್ಪಸದ ಬಟ್ಟೆಯ) ಮಗ್ಗ ಅಕ್ಕಾ, ಕೋಳಿಯ ಕಾಟ ನಮಗೂ ಇದ್ದದ್ದೇ. ಗಂಜಿ ಅಂದರೆ ಕೋಳಿಗೆ ಊಟ. ಎಳೆಯ ಮೇಲೆ ಒಣಗಿದ ಹಿಟ್ಟಿನ ಕಣ ಅದಕ್ಕೆ ನುಚ್ಚಿನ ಹಾಗೆ ಕಾಣುತ್ತದೆ. ಎಷ್ಟು ಓಡಿಸಿದರೂ ಬರುತ್ತದೆ. ಓಡಿಸುವಾಗ ಹಾರಿ ಹಾಸಿನ ಮೇಲೆ ಬಿದ್ದರೆ ಇನ್ನೂ ಕಷ್ಟ. ನಾವು ಗೂಡಿನ ಬಾಗಿಲನ್ನೇ ತೆರೆಯುವುದಿಲ್ಲ. ನಸುಕಿನಲ್ಲಿ ಹಾಸು ಕಟ್ಟಿ, ಬಿಸಿಲು ಏರುವ ಮೊದಲು ಗಂಜಿ ಹಚ್ಚಿ, ಕುಂಚಿಗೆ (ಎಳೆ ಬಾಚುವ ಬ್ರಷ್) ಎಳೆದು, ಒಣಗಿಸಿ ಸುತ್ತಿ ಒಳಗೆ ಒಯ್ಯುತ್ತೇವೆ. ಆಮೇಲೆ ಕೋಳಿ ಬಿಡುವುದು. ಅಲ್ಲಿಯ ತನಕ ಗೂಡಿನೊಳಗೇ ನೀರು, ಒಂದು ಹಿಡಿ ಸಜ್ಜೆ ಇರಲಿ. ಗಂಜಿ ಕಾಯಿಸಿದ ಪಾತ್ರೆಯ ಅಡಿ ಕೆರೆದದ್ದನ್ನು ಹಿತ್ತಲಲ್ಲಿ ಒಂದೇ ಜಾಗಕ್ಕೆ ದಿನಾ ಹಾಕಿ. ಬಿಟ್ಟ ಕೂಡಲೇ ಅತ್ತ ಓಡುವುದು ರೂಢಿಯಾಗುತ್ತದೆ.

ಮಗ್ಗದ ಮೇಲಿನ ಬಟ್ಟೆಗೆ ರಾತ್ರಿ ಹಳೇ ಪಂಚೆ ಹೊದಿಸಿ. ಹಿಕ್ಕೆ ಬಿದ್ದರೆ ಹಸಿಯಲ್ಲಿ ಒರೆಸಲು ಹೋಗಬೇಡಿ, ಎಳೆಯೊಳಗೆ ಇಳಿದು ಕಲೆ ಅಗಲವಾಗುತ್ತದೆ. ಪೂರ್ತಿ ಒಣಗಲಿ. ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಮೆತ್ತನೆ ಬ್ರಷ್‌ನಿಂದ ಉದುರಿಸಿ. ಆಮೇಲೂ ಗುರುತು ಉಳಿದರೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ರೇಷ್ಮೆಯ ಕೆಂಪು ಸೆರಗಿಗಂತೂ ಕೈ ಬಹಳ ಹಗುರ ಇರಲಿ.

ನಿಮ್ಮ ಅತ್ತೆಯವರು ಎಳೆ ಜೋಡಿಸಿದ್ದು ಓದಿ ನಮ್ಮ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಜಮಖಂಡಿ ಅವ್ವ:

ನಿಮ್ಮ ಮಾವ ದೊಡ್ಡ ಮನುಷ್ಯರು ತಂಗೀ. ದಿನಕ್ಕೆ ಒಂದು ಸಲ ಚುಕ್ಕಿಯನ್ನು ನೀನೇ ಎಬ್ಬಿಸು, ಕೆಲವು ಕೋಳಿ ನೀರೂ ಕುಡಿಯದೆ ಕೂರುತ್ತವೆ. ಎದ್ದಾಗ ದೊಡ್ಡದಾಗಿ, ವಾಸನೆಯಾಗಿ ಹಿಕ್ಕೆ ಹಾಕುತ್ತದೆ, ಅದು ರೋಗ ಅಲ್ಲ. ಬಿಸಿಲು ಜೋರಿದ್ದ ದಿನ ಬುಟ್ಟಿಯ ಸುತ್ತಲ ನೆಲಕ್ಕೆ ನೀರು ಚಿಮುಕಿಸು. ಕಡೆಯ ಮೂರು ದಿನ ತತ್ತಿ ಮುಟ್ಟಬೇಡ. ಚಿಪ್ಪು ಬಿರುಕು ಬಿಟ್ಟಿತು ಅಂತ ಬಿಡಿಸಲೂ ಹೋಗಬೇಡ, ತಾನೇ ಒಡೆದು ಬರಲಿ. ಮರಿಗೆ ನೀರು ಇಡುವಾಗ ತಟ್ಟೆಯಲ್ಲಿ ಸಣ್ಣ ಹರಳು ಹಾಕು. ಬರೀ ತಟ್ಟೆ ಇಟ್ಟರೆ ಬಿದ್ದು ಒದ್ದೆಯಾಗಿ ಸಾಯುತ್ತವೆ.

ಇಳಕಲ್ಲಿನ ಸೊಸೆ:

ಆಗಲಿ ಅವ್ವಾ. ನೇಕಾರ ಅಣ್ಣಾ, ಇವತ್ತು ಗೂಡು ತೆರೆಯದೆ ಗಂಜಿ ಮುಗಿಸಿದೆವು, ಒಂದು ಎಳೆಯೂ ಹೋಗಲಿಲ್ಲ. ವಿಜಯಪುರದ ಅಣ್ಣಾ, ಹೋದ ಸಲ ಪಕ್ಕದ ಮನೆಯ ಮರಿಗಳು ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಎಲ್ಲಾ ಸತ್ತವು. ಅದಕ್ಕೆ ಈಗಲೇ ಏನು ಮಾಡಿಟ್ಟುಕೊಳ್ಳಬೇಕು?

ವಿಜಯಪುರದ ಕೋಳಿಗೂಡು:

ಆರು ತತ್ತಿ ಜೀವ ಹಿಡಿದಿವೆ ಅಂದರೆ ನಿಮ್ಮ ಕುಣಿಯ ತಂಪು ಕೆಲಸ ಮಾಡಿದೆ. ಮರಿ ಮಾಡಿಸುವುದೇ ಸರಿ, ಒಪ್ಪಿದೆ.

ಪಕ್ಕದ ಮನೆಯದ್ದು ಓದಿದರೆ ಕೊಕ್ಕರೆ ರೋಗದ ಹಾಗೆ ಕಾಣುತ್ತದೆ, ರಾಣಿಖೇತ್ ಅಂತಾರಲ್ಲ ಅದೇ. ವೈರಸ್ಸಿನಿಂದ ಬರುತ್ತೆ, ಬಂದ ಮೇಲೆ ಔಷಧಿ ಇಲ್ಲ. ಲಸಿಕೆಯೊಂದೇ ದಾರಿ. ಮರಿಗೆ ಒಂದು ವಾರ ಆಗುವಷ್ಟರಲ್ಲಿ ಲಸೋಟ ಲಸಿಕೆ, ಕಣ್ಣಿಗೆ ಒಂದು ಹನಿ. ನಾಲ್ಕು ವಾರಕ್ಕೆ ಇನ್ನೊಮ್ಮೆ. ಎಂಟು ವಾರದ ಹೊತ್ತಿಗೆ ಅದೇ ರೋಗದ ಇನ್ನೊಂದು ಲಸಿಕೆ ಆರ್‌ಟುಬಿ, ಅದು ರೆಕ್ಕೆಯ ಕೆಳಗಿನ ಚರ್ಮಕ್ಕೆ ಚುಚ್ಚುವುದು. ಕಾಯಿಲೆ ಬಿದ್ದ ಮರಿಗೆ ಹಾಕಬೇಡಿ.

ತೊಂದರೆ ಏನಂದರೆ ಲಸಿಕೆಯ ಸೀಸೆ ಆರು ಮರಿಗೆ ಅಂತ ಬರುವುದಿಲ್ಲ, ಒಂದರಲ್ಲಿ ಸಾಮಾನ್ಯವಾಗಿ ನೂರು ಇಲ್ಲವೇ ಅದಕ್ಕೂ ಜಾಸ್ತಿ ಡೋಸ್ ಇರುತ್ತದೆ. ಒಮ್ಮೆ ಕಲಸಿದರೆ ಎರಡು ತಾಸಿನೊಳಗೆ ಮುಗಿಸಬೇಕು. ಹಾಗಾಗಿ ಓಣಿಯಲ್ಲಿ ಯಾರ ಯಾರ ಮನೆಯಲ್ಲಿ ಮರಿ ಇವೆ ಕೇಳಿ, ಎಲ್ಲರೂ ಒಂದೇ ದಿನ ಇಟ್ಟುಕೊಳ್ಳಿ. ಪಶು ಆಸ್ಪತ್ರೆಗೆ ಈಗಲೇ ಹೋಗಿ ಮರಿ ಬರುವ ದಿನ ಹೇಳಿ, ಲಸಿಕೆ ಯಾವಾಗ ಸಿಗುತ್ತದೆ ಕೇಳಿಕೊಂಡು ಬನ್ನಿ. ತರುವ ದಿನ ಥರ್ಮಾಸಿನಲ್ಲಿ ಐಸ್ ಹಾಕಿಕೊಂಡು ಹೋಗಿ. ಈ ಬಿಸಿಲಲ್ಲಿ ಕೈಯಲ್ಲೇ ಹಿಡಿದು ತಂದರೆ ಮನೆ ಮುಟ್ಟುವಷ್ಟರಲ್ಲಿ ಲಸಿಕೆ ಕೆಟ್ಟಿರುತ್ತದೆ. ಹನಿ ಹಾಕುವುದನ್ನು ಸಂಜೆ ತಂಪಾದ ಮೇಲೆ ಇಟ್ಟುಕೊಳ್ಳಿ.