ಅಕ್ಕ ಮೇ 1606, ತಮ್ಮ ಜನವರಿ 1607: ಇಬ್ಬರಿಗೂ ತಾಯಿ ಒಬ್ಬಳೇನಾ?

ಪ್ರಶ್ನೆ:
ನಮಸ್ಕಾರ. ನಮ್ಮ ಮನೆಯವರು ಅಮೆರಿಕದವರು. ಅತ್ತೆಯ ವಂಶ 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಮೇಫ್ಲವರ್ ಹಡಗಿನಲ್ಲಿ ಬಂದ ಸ್ಟೀಫನ್ ಹಾಪ್ಕಿನ್ಸ್‌ವರೆಗೆ ಹೋಗುತ್ತದೆ, ಅವನ ಮಗಳು ಕಾನ್‌ಸ್ಟೆನ್ಸ್ ಮೂಲಕ. ಮನೆಯಲ್ಲಿರುವ ಹಳೇ ಪಟ್ಟಿಯಲ್ಲಿ ಅವಳ ತಾಯಿ ಕಾನ್‌ಸ್ಟೆನ್ಸ್ ಡಡ್ಲಿ, ಊರು ಗ್ಲೌಸ್ಟರ್‌ಶೈರಿನ ವೊಟನ್-ಅಂಡರ್-ಎಡ್ಜ್. ಆದರೆ ದೀಕ್ಷಾಸ್ನಾನದ ದಾಖಲೆ ಸಿಕ್ಕಿದ್ದು ಹ್ಯಾಂಪ್‌ಶೈರಿನ ಹರ್ಸ್ಲಿ ಚರ್ಚಿನಲ್ಲಿ: ಕಾನ್‌ಸ್ಟೆನ್ಸ್ 11 ಮೇ 1606, ತಮ್ಮ ಜೈಲ್ಸ್ 30 ಜನವರಿ 1607. ಎಂಟೂವರೆ ತಿಂಗಳ ಅಂತರ! ವಂಶವೃಕ್ಷದ ಸಾಫ್ಟ್‌ವೇರ್ ಕೆಂಪು ಗುರುತು ತೋರಿಸ್ತಿದೆ. ತಾಯಂದಿರು ಇಬ್ಬರಾ?

ಉತ್ತರ 1:
ಮೇಡಂ, ಗಾಬರಿ ಬೇಡ. ಆಗ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಮ್ಮಿ ನಮ್ಮ ಯುಗಾದಿ ಹೊತ್ತಿಗೆ. 1752ರಿಂದ ಜನವರಿ 1ಕ್ಕೆ ತಂದರು. ಆ ಚರ್ಚಿನ ದಾಖಲೆ ಪುಸ್ತಕದ ಜನವರಿ 1607 ಅಂದ್ರೆ ನಮಗೆ ಜನವರಿ 1608. ಅಂತರ ಇಪ್ಪತ್ತು ತಿಂಗಳಿಗಿಂತ ಜಾಸ್ತಿ. 1607/08 ಅಂತ ಬರೆದುಕೊಳ್ಳಿ, ಮೊದಲನೆಯದು ಹಳೇ ಲೆಕ್ಕ, ಎರಡನೆಯದು ಈಗಿನ ಲೆಕ್ಕ.

ಉತ್ತರ 2:
ತಾರೀಖು ಸರಿಹೋಯ್ತು, ತಾಯಿಯ ಹೆಸರು ಇನ್ನೂ ಉಳೀತು. ಡಡ್ಲಿ ಹೆಸರು ಎಷ್ಟೋ ವಂಶವೃಕ್ಷಗಳಲ್ಲಿದೆ, ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದದ್ದು. ಆಧಾರ ಕೇಳಿದರೆ ಯಾರ ಹತ್ತಿರಾನೂ ಇಲ್ಲ. ಹರ್ಸ್ಲಿ ದಾಖಲೆ 1998ರಲ್ಲಿ ಪ್ರಕಟವಾದ ಮೇಲೆ ವೊಟನ್ ಕಥೆಯೂ ಬಿದ್ದುಹೋಯಿತು.

ದೀಕ್ಷಾಸ್ನಾನದ ಸಾಲಿನಲ್ಲಿ ಅಪ್ಪನ ಹೆಸರು ಮಾತ್ರ ಇದೆ. ಹಾಗಾಗಿ ತಾಯಿಯನ್ನು ಬೇರೆ ಕಡೆಯಿಂದ ಹಿಡಿಯಬೇಕು. ಹರ್ಸ್ಲಿಯಲ್ಲೇ ಮೇ 1613ರಲ್ಲಿ ಮೇರಿ ಹಾಪ್ಕಿನ್ಸ್ ಎಂಬವಳ ಮಣ್ಣು ಆಗಿದೆ. ಅವಳ ಆಸ್ತಿ ಪತ್ರಗಳಲ್ಲಿ ಮೂರು ಮಕ್ಕಳು: ಕಾನ್‌ಸ್ಟೆನ್ಸ್, ಎಲಿಜಬೆತ್, ಜೈಲ್ಸ್. ಮೂರೂ ಹೆಸರು ಚರ್ಚಿನ ಪುಸ್ತಕಕ್ಕೆ ತಾಳೆಯಾಗುತ್ತವೆ. ಮೇಫ್ಲವರ್‌ನವರು ನೆಲೆಸಿದ ಪ್ಲಿಮತ್ ವಸಾಹತಿನ ಗವರ್ನರ್ ಬ್ರಾಡ್‌ಫರ್ಡ್ ಕೂಡ ಜೈಲ್ಸ್, ಕಾನ್‌ಸ್ಟೆನ್ಸ್ ಇಬ್ಬರೂ ಮೊದಲ ಹೆಂಡತಿಯ ಮಕ್ಕಳು ಅಂತಲೇ ಬರೆದಿದ್ದಾನೆ.

ಪ್ರಶ್ನೆ ಕೇಳಿದವರು:
ಆದರೆ ಆ ಪತ್ರದಲ್ಲಿ ಮೇರಿ 'ವಿಧವೆ' ಅಂತಿದೆಯಲ್ಲ ಸರ್? ಸ್ಟೀಫನ್ ಆಗ ಬದುಕಿದ್ದ ಅಲ್ವಾ?

ಉತ್ತರ 2:
ಬದುಕಿದ್ದ. 1609ರಲ್ಲಿ ವರ್ಜೀನಿಯಾಕ್ಕೆ ಹೊರಟ ಸೀ ವೆಂಚರ್ ಹಡಗು ಬರ್ಮುಡಾದಲ್ಲಿ ಒಡೆಯಿತು. ಅದರಲ್ಲಿದ್ದ ಸ್ಟೀಫನ್ ಹಾಪ್ಕಿನ್ಸ್ ಎಂಬವನು ಇವನೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ನಾಲ್ಕು ವರ್ಷವಾದರೂ ಮನೆಗೆ ಬಾರದವನನ್ನು ಊರವರು ಸತ್ತನೆಂದೇ ಲೆಕ್ಕ ಹಾಕಿರಬಹುದು, ಇದು ನನ್ನ ಊಹೆ. ಅವನು ವಾಪಸ್ ಬಂದು 1618ರ ಫೆಬ್ರವರಿಯಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಎಲಿಜಬೆತ್ ಫಿಶರ್‌ಳನ್ನು ಮದುವೆಯಾದ. (ಅದೂ ಪುಸ್ತಕದಲ್ಲಿ 1617 ಅಂತಲೇ ಇರುತ್ತೆ, ಮತ್ತೆ ಎಡವಬೇಡಿ.)

ಉತ್ತರ 3:
ಡಿಎನ್‌ಎ ಟೆಸ್ಟ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ವೈ-ಡಿಎನ್‌ಎ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ನಿಮ್ಮ ಎಳೆ ಮಗಳಿಂದ ಶುರು. ಸಾಮಾನ್ಯ ಟೆಸ್ಟ್‌ನಲ್ಲಿ ನಾನೂರು ವರ್ಷ ಹಿಂದಿನವರ ಪಾಲು ಸಿಗುವುದೇ ಕಷ್ಟ.

ಅದಕ್ಕಿಂತ ಕೆಳಗಿನ ಮೆಟ್ಟಿಲು ನೋಡಿ. ಕಾನ್‌ಸ್ಟೆನ್ಸ್ ಮದುವೆಯಾದದ್ದು ನಿಕೋಲಸ್ ಸ್ನೋನನ್ನು. ಅವಳಿಗೆ 12 ಮಕ್ಕಳು ಎನ್ನುತ್ತಾನೆ ಬ್ರಾಡ್‌ಫರ್ಡ್, ಹೆಸರು ಗೊತ್ತಿರುವುದು ಅಷ್ಟೂ ಜನರದ್ದಲ್ಲ. ಆ ಖಾಲಿ ಜಾಗಕ್ಕೆ ಸಿಕ್ಕಸಿಕ್ಕ ಸ್ನೋಗಳನ್ನೆಲ್ಲ ತಂದು ಕೂರಿಸಿದ್ದಾರೆ. ನಿಮ್ಮವರು ಯಾವ ಮಗುವಿನ ಕಡೆಯವರು?

ಪ್ರಶ್ನೆ ಕೇಳಿದವರು:
ಮಾರ್ಕ್ ಸ್ನೋ ಕಡೆ.

ಉತ್ತರ 3:
ಹಾಗಾದ್ರೆ ಬಚಾವ್. ಅವನು ಹೆಸರು ಗೊತ್ತಿರುವವರಲ್ಲೇ ಇದ್ದಾನೆ.

ಪ್ರಶ್ನೆ ಕೇಳಿದವರು:
1607/08 ಹಾಕಿದೆ, ಕೆಂಪು ಗುರುತು ಹೋಯ್ತು. ಡಡ್ಲಿ ಅಳಿಸಿ 'ಮೇರಿ, ತವರುಮನೆ ಖಾಲಿ' ಅಂತ ಮಾಡಿದೆ. ಅತ್ತೆಗೆ ಇನ್ನೂ ಹೇಳಿಲ್ಲ. ಆ ಹಳೇ ಪಟ್ಟಿಗೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ನೇತು ಹಾಕಿದ್ದಾರೆ.