ನಮ್ಮ ಗ್ರೂಪಲ್ಲಿ ಭಾನುವಾರ ಡಾಕ್ಟ್ರ ಹತ್ರ ಕೇಳಿ: ಅಡಿಕೆ ಸುಲಿಯೋ ಕೈ, ಉಣುಗು, ಇತ್ಯಾದಿ

ಹೊಸನಗರದ ಸದಸ್ಯೆ: ಡಾಕ್ಟ್ರೇ, ನಮ್ಮಮ್ಮ ಸೀಸನ್ ಪೂರ್ತಿ ಬೇರೆಯವರ ಮನೇಲಿ ಅಡಿಕೆ ಸುಲೀತಾರೆ. ರಾತ್ರಿ ಎರಡು ಗಂಟೆಗೆ ಕೈ ಜೋಮು ಹಿಡಿದು ಎದ್ದು ಕೂರ್ತಾರೆ. ಕೊಡವಿದ್ರೆ ಸ್ವಲ್ಪ ಹಗುರ. ತೋಟದವರು ‘ಸುಲಿಯೋಕೆ ಕರೆದಾಗ ಬರೋ ನೋವು’ ಅಂತ ನಗ್ತಾರೆ. ಒಂದು ಕಡೆ ಎಕ್ಸರೇ ತೆಗೆಸಿದ್ವಿ, ಏನೂ ಇಲ್ಲ ಅಂದ್ರು.

ಡಾಕ್ಟ್ರು: ಯಾವ ಬೆರಳು? ಕಿರುಬೆರಳೂ ಜೋಮಾ?

ಹೊಸನಗರದ ಸದಸ್ಯೆ: ಇಲ್ಲ ಸರ್, ಹೆಬ್ಬೆರಳಿಂದ ಮೂರು. ಈಗ ಲೋಟವೂ ಕೈಜಾರತ್ತೆ.

ತೀರ್ಥಹಳ್ಳಿ ಸದಸ್ಯ: ಸರ್, ಉಣುಗು ಹುಳ ಕಚ್ಚಿದೆ, ಎಂತ ಮಾಡೋದು?

ಡಾಕ್ಟ್ರು: ಹೋದ ವಾರವೇ ಬರೆದಿದ್ದೀನಿ, ಮೇಲೆ ನೋಡಿ. ಜ್ವರ ಬಂದ್ರೆ ಅದೇ ದಿನ ಪಿಎಚ್‌ಸಿಗೆ ಹೋಗಿ.

ರಿಪ್ಪನ್‌ಪೇಟೆ ಸದಸ್ಯ: ಕೈನೋವಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ, ಮೂರೇ ದಿನ. ಬಂದದ್ದನ್ನು ಕಳಿಸಿದ್ದೇನೆ 🙏

ಡಾಕ್ಟ್ರು: ಬಂದದ್ದನ್ನೆಲ್ಲ ಕಳಿಸಬೇಡಿ. ಎಕ್ಕದ ಹಾಲು ಕಣ್ಣಿಗೆ ಸಿಡಿದ್ರೆ ಕಣ್ಣಿಗೇ ಸಂಚಕಾರ. ಜೋಮು ಹಿಡಿದ ಕೈಗೆ ಬಿಸಿಯೂ ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೇ ಗೊತ್ತಾಗೋದು.

ಹೊಸನಗರದವರಿಗೆ: ಇದು ಕಾರ್ಪಲ್ ಟನಲ್ ಇರಬೇಕು. ಮಣಿಕಟ್ಟಿನೊಳಗೆ ಹಾದುಹೋಗೋ ನರ ಅದುಮಿಕೊಳ್ಳೋದು. ಎಕ್ಸರೇಲಿ ನರ ಕಾಣಲ್ಲ. ಕೊಟ್ಟಿಗೆಗೆ ಇಣುಕಿ ಬೆಟ್ಟದಲ್ಲಿ ದನ ಇಲ್ಲ ಅಂದ ಹಾಗೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅವುಗಳಿಂದಲೂ ಬರತ್ತೆ. ರಾತ್ರಿ ಮಣಿಕಟ್ಟು ನೆಟ್ಟಗಿರೋ ಹಾಗೆ ಪಟ್ಟಿ ಕಟ್ಟಿ. ಲೋಟ ಜಾರತ್ತೆ ಅಂದ್ರಲ್ಲ, ಅದೇ ನನ್ನ ಚಿಂತೆ. ಹೆಬ್ಬೆರಳ ಬುಡದ ಮಾಂಸ ಸೊರಗಿದೆಯಾ ನೋಡಿ. ಸೊರಗಿದ್ರೆ ಶಿವಮೊಗ್ಗದಲ್ಲಿ ನರದ ಪರೀಕ್ಷೆ ಆಗಬೇಕು, ಸಣ್ಣ ಆಪರೇಷನ್ನೂ ಬೇಕಾಗಬಹುದು. ತಡವಾದ್ರೆ ಹೋದ ಮಾಂಸ ಪೂರ್ತಿ ವಾಪಸ್ ಬರಲ್ಲ.

ಇನ್ನೊಂದು ಹೇಳ್ತೀನಿ. ಇದೇ ಜೋಮು ಹಿಡ್ಕೊಂಡು ಬೆಂಗಳೂರಿನ ಕಂಪ್ಯೂಟರ್ ಹುಡುಗರೂ ಬರ್ತಾರೆ. ಕಾಯಿಲೆ ಹೆಸರು ಅವರೇ ಹೇಳ್ತಾರೆ, ರಜೆ ಚೀಟಿ ಕೇಳ್ತಾರೆ, ನಾನೂ ಬರೆದುಕೊಡ್ತೀನಿ. ಸುಲಿಯೋ ಹೆಂಗಸರಿಗೆ ‘ಮನೇಲಿ ಜಗಳವಾ?’ ಅಂತ ಕೇಳಿ ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದ್ದೀನಿ, ಎಷ್ಟೋ ವರ್ಷ. ಚೀಟಿ ಕೊಟ್ಟಿದ್ರೂ ತೋರಿಸೋದು ಯಾರಿಗೆ? ನೌಕರರ ಆರೋಗ್ಯ ವಿಮೆಗೆ ಅಂತ ಮಾಡಿದ 1948ರ ಇಎಸ್‌ಐ ಕಾಯ್ದೆ ಅಡಿಕೆ ಚಪ್ಪರದ ದಿನಗೂಲಿಯವರೆಗೆ ಬರಲೇ ಇಲ್ಲ.

ಕೋಣಂದೂರು ಬೆಳೆಗಾರ: ಎಲ್ಲದಕ್ಕೂ ತೋಟದವರೇ ಸಿಕ್ಕಿದ್ದಾ ಮಾರಾಯ್ರೆ? ಅಡಿಕೆಗೆ ಕೊಳೆರೋಗ ಬಂದ ವರ್ಷ ನಮ್ಮನ್ನು ಯಾರು ಕೇಳ್ತಾರೆ? ನನಗೂ ಸೊಂಟನೋವಿದೆ.

ಸಾಗರದ ಸದಸ್ಯ: ನಿಮಗೆ ಸೊಂಟನೋವು ಬಂದ್ರೆ ಮಂಗಳೂರಿಗೆ ಹೋಗ್ತೀರಿ. ನಮ್ಮಪ್ಪಂಗೆ ಬಂದ್ರೆ ಕುಡಿದಿದ್ದಾನೆ ಅಂತೀರಿ. ನಮ್ಮ ಸಾಗರದ ಹಂದಿಗೋಡಲ್ಲಿ ಎಪ್ಪತ್ತರ ದಶಕದಲ್ಲಿ ದಲಿತ ಕೇರಿಯವರ ಸೊಂಟ, ಮಂಡಿ ಹೋದಾಗ ಔಷಧಿ ಹೊಡೆದ ಗದ್ದೆಯ ಏಡಿ ತಿಂದಿದ್ದಕ್ಕೆ ಅಂದ್ರಲ್ಲ.

ಕೋಣಂದೂರು ಬೆಳೆಗಾರ: ಆಮೇಲೆ ವಂಶವಾಹಿ ಅಂತ ಗೊತ್ತಾಯ್ತಲ್ಲ. ಗದ್ದೆಗೆ ಹೊಡೆದ ಔಷಧಿಯಿಂದ ಅಲ್ಲ.

ಸಾಗರದ ಸದಸ್ಯ: ವಂಶದ್ದು ಅಂದ ಕೂಡ್ಲೇ ನಿಮಗೆ ಎಷ್ಟು ಸಮಾಧಾನ ನೋಡಿ!

ಸೊರಬದ ಟೀಚರ್: ಉಣುಗಿನಿಂದ ಹರಡೋ ಮಂಗನ ಕಾಯಿಲೆಯೂ ಹಾಗೇ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು, ಹಳದಿ ಜ್ವರವೇನೋ ಅಂತ ದಿಗಿಲು ಬಿದ್ದ ಮೇಲೇ ಪುಣೆಯಿಂದ ವಿಜ್ಞಾನಿಗಳು ಬಂದದ್ದು.

ಕೋಣಂದೂರು ಬೆಳೆಗಾರ: ಟೀಚರೇ, ಇತಿಹಾಸದ ಪಾಠ ಶಾಲೇಲಿ ಮಾಡಿ.

ಆನಂದಪುರದ ಸದಸ್ಯೆ: ಸರ್, ಮಗೂಗೆ ಹತ್ತು ದಿನದಿಂದ ಕೆಮ್ಮು…

ಡಾಕ್ಟ್ರು: ವಂಶವಾಹಿ ಅಂದ್ರೆ ಆರೈಕೆ ಬೇಡ ಅಂತಲ್ಲ, ಆ ಮನೆಯವರ ತಪ್ಪು ಅಂತಲೂ ಅಲ್ಲ. ಜಗಳ ಬೇರೆ ಕಡೆ ಆಡಿ.

ಹೊಸನಗರದ ಸದಸ್ಯೆ: ಸರ್, ನೋಡಿದೆ. ಬಲಗೈ ಹೆಬ್ಬೆರಳ ಬುಡ ಗುಂಡಿ ಬಿದ್ದಿದೆ. ಅಮ್ಮ ಕೊಯ್ಲು ಮುಗೀಲಿ ಅಂತಾರೆ. ಈಗ ಬಿಟ್ರೆ ಮುಂದಿನ ವರ್ಷ ಕರೆಯಲ್ವಂತೆ.

ಡಾಕ್ಟ್ರು: ಮುಗಿಯೋದು ಯಾವಾಗ?

ಹೊಸನಗರದ ಸದಸ್ಯೆ: ಇನ್ನೂ ಎರಡು ತಿಂಗಳು.

ಡಾಕ್ಟ್ರು: ಮಂಗಳವಾರ ಕರ್ಕೊಂಡು ಬನ್ನಿ. ತೋಟದವರ ನಂಬರ್ ನನಗೆ ಕಳಿಸಿ, ನಾನು ಮಾತಾಡ್ತೀನಿ.

ಹೊಸನಗರದ ಸದಸ್ಯೆ: ನೀವು ಹೇಳಿದ್ರೆ ಕೇಳ್ತಾರೆ ಸರ್.

ತೀರ್ಥಹಳ್ಳಿ ಸದಸ್ಯ: ಉಣುಗಿಗೆ ಸೀಮೆಎಣ್ಣೆ ಹಾಕ್ಬಹುದಾ?